ಹೊರಗಿನ ಪಾಕೀಟು ಬದಲಿಸುತ್ತಿದ್ದ ಅಕ್ಕೋರು

ಇದನ್ನು ಬರೆಯಲು ಇದು ಮೂರನೆಯ ಸಲ ಕುಳಿತಿದ್ದೇನೆ. ಮೊದಲ ಸಲ ಎರಡು ಪುಟ ಬರೆದು, ಓದಿ ನೋಡಿ, ಹರಿದು ಹಾಕಿದೆ. ಅದರಲ್ಲಿ ನಾನು ತೀರ ಒಳ್ಳೆಯ ಮನುಷ್ಯನಾಗಿದ್ದೆ. ಎರಡನೆಯ ಸಲ ಅಕ್ಕೋರ ಬಗ್ಗೆ ಬರೆಯಲು ಹೋಗಿ ಟೆಲಿಫೋನ್ ಕಂಬಗಳ ಬಗ್ಗೆ ಬರೆದೆ. ಅದನ್ನೂ ಹರಿದೆ. ಒಂದು ಗಂಟೆ ಕುಳಿತರೆ ಎರಡು ಸಲ ಎದ್ದು ಗೇಟಿನ ತನಕ ಹೋಗಿ ಬರುತ್ತೇನೆ. ಹೆಂಡತಿ ನೋಡುತ್ತಾಳೆ, ಏನೂ ಕೇಳುವುದಿಲ್ಲ.

ನಾನು ಬರೆಯುವವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಟೆಲಿಫೋನ್ ಖಾತೆಯಲ್ಲಿ ಕೂಲಿಯವನಾಗಿ ಸೇರಿ, ಗುಂಡಿ ತೋಡಿ, ಕಂಬ ಹತ್ತಿ, ಲೈನ್‌ಮನ್ ಆಗಿ ನಿವೃತ್ತನಾದವನು. ಸಪ್ತಾಪುರದಲ್ಲಿ ಒಂದು ಮನೆ ಕಟ್ಟಿಸಿಕೊಂಡಿದ್ದೇನೆ. ಕೆಳಗೆ ನಾವಿಬ್ಬರು. ಮೇಲೆ ಒಂದು ಖೋಲಿ, ಮೂಲೆಯಲ್ಲಿ ಅಡುಗೆ ಕಟ್ಟೆ. ಆ ಖೋಲಿಯಲ್ಲಿ ನಾಲ್ಕು ವರ್ಷ ಅಕ್ಕೋರು ಇದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತೇವೆ. ಇವರು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸಿ, ಅವಧಿಗೆ ಮೊದಲೇ ಕೆಲಸ ಬಿಟ್ಟು ಬಂದವರು. ಈಚೆಗೆ ತಮ್ಮ ಊರು ಅಮ್ಮಿನಬಾವಿಯಲ್ಲಿ ತೀರಿಕೊಂಡರು. ಅವರ ಹತ್ತಿರ ಕಲಿತ ಕೆಲವು ನರ್ಸುಗಳು ಸೇರಿ ಅವರ ನೆನಪಿಗೆ ಒಂದು ಸಣ್ಣ ಪುಸ್ತಕ ತರುತ್ತಿದ್ದಾರೆ. ಯಾರೂ ಖೋಲಿ ಕೊಡದಿದ್ದಾಗ ಕೊಟ್ಟ ಮನೆ ಮಾಲಕ ಎಂದು ನನ್ನನ್ನೂ ಬರೆಯಲು ಕೇಳಿದ್ದಾರೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಅವರಿಗೆ ಹೆಸರಿನ ಬಗ್ಗೆ ಒಂದು ತಕರಾರಿತ್ತು. ಅದು ನಮ್ಮ ಗೇಟಿನಲ್ಲೇ ಶುರುವಾಗಿತ್ತು.

ಖೋಲಿ ಖಾಲಿ ಇದೆ ಎಂದು ಬೋರ್ಡು ಹಾಕಿದ್ದೆ. ಒಂದು ದಿನ ಬಿಸಿಲು ಏರಿದ ಹೊತ್ತಿಗೆ ಐವತ್ತರ ಆಚೀಚಿನ ಹೆಣ್ಣುಮಗಳು ಬಂದು ನಿಂತರು. ಎಣ್ಣೆಗೆಂಪು ಮೈಬಣ್ಣ, ಗಿಡ್ಡ ದೇಹ, ಹೆಗಲಿಗೆ ಬಟ್ಟೆಯ ಚೀಲ. ಊರು ಕೇಳಿದೆ, ಹೇಳಿದರು. ಹೆಸರು ಕೇಳಿದೆ, ಹೇಳಿದರು.

"ಅಡ್ಡಹೆಸರೇನ್ರಿ?" ಎಂದೆ.

ಅವರು ನಕ್ಕರು. "ಇವತ್ತ ಇದು ಆರನೇ ಮನಿ ಕಾಕಾ. ಐದೂ ಮನ್ಯಾಗ ಹೆಸರ ಕೇಳಿ 'ಛಲೋ ಆತು, ಖೋಲಿ ನೋಡ್ರಿ' ಅಂದ್ರು. ಅಡ್ಡಹೆಸರ ಕೇಳಿದ ಕೂಡಲೇ 'ನಮ್ಮ ಮೈದುನಾ ಇರಾಕ ಬರ್ತಾನ್ರಿ, ಖೋಲಿ ಆಗೂದಿಲ್ಲ' ಅಂದ್ರು. ಐದು ಮಂದಿಗೂ ಮೈದುನಾರು ಒಂದ ದಿನ ಬರಾಕತ್ತಾರ ನೋಡ್ರಿ ಸಪ್ತಾಪುರಕ್ಕ. ಬಸ್ಸಿನ್ಯಾಗ ಜಾಗಾ ಸಿಗತೈತೋ ಇಲ್ಲೋ."

ನಾನು ಏನು ಹೇಳುತ್ತಿದ್ದೆನೋ. ಬಾಯಿಗೆ ಬಂದದ್ದೂ ಆ ಮೈದುನನಂಥದೇ ಒಂದು ನೆಪ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಒಳಗಿಂದ ನನ್ನ ಹೆಂಡತಿ ನಗುತ್ತ ಹೊರಗೆ ಬಂದಳು. "ನಮಗ ಮೈದುನಾರ ಇಲ್ರಿ, ಬರ್ರಿ ಒಳಗ. ಆದ್ರ ಮ್ಯಾಲ ನೀರಿನ ಟಾಕಿ ಸೋರತೈತಿ. ನಡೀತೈತೇನು?"

"ನೆಲಾ ತಂಪ ಇರ್ತೈತಿ ಬಿಡ್ರಿ" ಎಂದರು ಅಕ್ಕೋರು.

ಖೋಲಿ ಕೊಟ್ಟವಳು ಅವಳು, ನಾನಲ್ಲ. ಪುಸ್ತಕದಲ್ಲಿ ಮೊದಲು ತಿದ್ದಬೇಕಾದದ್ದು ಇದು.

ಅವರ ಜೊತೆ ಬಂದ ಸಾಮಾನು ಕಡಿಮೆ. ಒಂದು ಗಾದಿ, ಎರಡು ಪಾತೇಲಿ, ಅಂಗೈಯಲ್ಲಿ ಹಿಡಿಸುವಷ್ಟು ಬುದ್ಧನ ಮೂರ್ತಿ, ಹಳೆಯ ಕಂಪ್ಯೂಟರಿನ ಒಂದು ಕಪ್ಪು ಡಬ್ಬಿ. ಡಬ್ಬಿ ಕಿಟಕಿಯ ಕೆಳಗೆ, ಮೂರ್ತಿ ಡಬ್ಬಿಯ ಮೇಲೆ. "ಬುದ್ಧಗ ಕಾಲ ಬೆಚ್ಚಗ ಇರ್ಲಿ ಅಂತೇನ್ರಿ?" ಎಂದು ನನ್ನ ಹೆಂಡತಿ ಕೇಳಿದಳು. "ಇಲ್ಲ ಅಕ್ಕಾ, ಡಬ್ಬಿ ಶಾಂತ ಇರ್ಲಿ ಅಂತ" ಎಂದರು.

ಮೇಲಿನಿಂದ ನಮ್ಮನ್ನು ಕರೆಯಬೇಕಾದರೆ ಕೂಗುತ್ತಿರಲಿಲ್ಲ. ಮೆಟ್ಟಿಲ ಕಟಕಟೆಯ ಮೇಲೆ ಸೌಟಿನಿಂದ ಎರಡು ಸಲ ಬಡಿಯುತ್ತಿದ್ದರು. ರೊಟ್ಟಿಯನ್ನು ನಿಂತೇ ತಿನ್ನುತ್ತಿದ್ದರು, ಖೋಲಿಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ. ಕೂತು ಉಣ್ಣಬಾರದೇ ಎಂದರೆ, "ಕುಂತ್ರ ತಲಿನೂ ಕುಂದರತೈತ್ರಿ" ಅನ್ನುವರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ನಮ್ಮಿಂದ ಇಸಿದುಕೊಂಡು ಹಿಂಬದಿಗೆ ಗೋಲ, ಗೆರೆ ಬರೆಯುತ್ತಿದ್ದರು. ಬರೆದದ್ದನ್ನು ನೀರಿನಲ್ಲಿ ನೆನೆಸಿ ಹಿಂಡಿ ಉಂಡೆ ಮಾಡಿ ಒಗೆಯುತ್ತಿದ್ದರು.

ರವಿವಾರ ಅವರ ಖೋಲಿಗೆ ನರ್ಸುಗಳು ಬರುತ್ತಿದ್ದರು, ಎಂಟು ಹತ್ತು ಮಂದಿ. ಮೆಟ್ಟಿಲ ತುಂಬ ಚಪ್ಪಲಿ. ಅವರಿಗೆ ಕಂಪ್ಯೂಟರ್, ಮೊಬೈಲು ಎಲ್ಲ ಕಲಿಸುತ್ತಿದ್ದರು, ಪುಕ್ಕಟೆ. ನನ್ನ ಹೆಂಡತಿ ಒಗ್ಗರಣೆ ಅವಲಕ್ಕಿ ಮಾಡಿ ಮೇಲೆ ಕಳಿಸುತ್ತಿದ್ದಳು. ಒಯ್ದು ಕೊಡುವವನು ನಾನು. ಹಾಗೆ ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಯಾರಾದರೂ ಹುಡುಗಿ ತಲೆ ಕೆಳಗೆ ಹಾಕಿ "ಗೊತ್ತಿಲ್ರಿ" ಎಂದರೆ ಅಕ್ಕೋರ ಮುಖ ಅರಳುತ್ತಿತ್ತು. "ಭಾಳ ಛಲೋ ಉತ್ತರ! ಖರೇ ಗೊತ್ತಿಲ್ದಿದ್ರ ಇದಕ್ಕಿಂತ ಛಲೋ ಉತ್ತರ ಇಲ್ಲ. ಹಂಗಾದ್ರ ಮುಂದ ನಡಿ."

ಅಲ್ಲಿಯೇ ನನಗೆ ತಿಳಿದದ್ದು: ಅವರಲ್ಲಿ ಹೆಚ್ಚಿನವರು ಒಂದೇ ಖಾಸಗಿ ಆಸ್ಪತ್ರೆಯವರು. ಕೆಲಸಕ್ಕೆ ಸೇರುವಾಗ ಅಲ್ಲಿ ಮೂಲ ಸರ್ಟಿಫಿಕೇಟುಗಳನ್ನು ಇಸಿದುಕೊಂಡು ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದರು. ಬೇರೆ ಕಡೆ ಕೆಲಸ ಸಿಕ್ಕಿತು ಎಂದರೆ ಕಾಗದ ಕೊಡುತ್ತಿರಲಿಲ್ಲ. ಬಾಯಿ ಬಿಟ್ಟವಳನ್ನು ಹೊರಗೆ ಹಾಕುತ್ತಿದ್ದರು, ಕಾಗದ ಒಳಗೇ. ಹಾಗಾಗಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಕೇಳಿಯೇಬಿಟ್ಟೆ. "ಅಕ್ಕೋರ, ಆ ಡಬ್ಬಿ ಯಾವಾಗ ನೋಡಿದ್ರೂ ಗುಂಯ್ ಅಂತೈತಲ್ಲ, ಏನ ಮಾಡ್ತೈತ್ರಿ ಅದು?"

"ಪಾಕೀಟ ಬದಲಿ ಮಾಡ್ತೈತ್ರಿ ಕಾಕಾ."

ಕ್ಯಾಲೆಂಡರಿನ ಹಾಳೆ ಬಂತು. ಗೋಲಗಳು ಬಂದವು.

"ನಿಮ್ಮ ಕಾಲದಾಗ ಎಲ್ಲಾರ ಮನಿ ತಂತಿ ಎಕ್ಸ್‌ಚೇಂಜಿಗೆ ಬರ್ತಿತ್ತು. ಅಲ್ಲಿ ಕುಂತಾಂವಗ ಯಾರ ಯಾರಿಗೆ ಮಾತಾಡಾಕತ್ತಾರ ಗೊತ್ತಾಗ್ತಿತ್ತು. ಹೌದಲ್ರಿ?"

"ಏನ ಮಾತಾಡಾಕತ್ತಾರ ಅನ್ನೂದೂ ಗೊತ್ತಾಗ್ತಿತ್ತು" ಎಂದೆ ನಾನು. ನಗು ಬಂತು. ನಮಗೆಲ್ಲ ತಂತಿಗೆ ಕಿವಿ ಹಚ್ಚುವ ಚಟವಿತ್ತು.

"ಇದರಾಗ ಎಕ್ಸ್‌ಚೇಂಜ ಇಲ್ರಿ. ಕೂಡಿದವರ ಮನಿ ಮನೀನ ಒಂದೊಂದು ಸಣ್ಣ ಎಕ್ಸ್‌ಚೇಂಜ. ನನ್ನ ಮಾತು ನಿಮ್ಮನ್ಯಾಗ ಹಾಯ್ದು, ನಿಮ್ಮ ಬಾಜೂದವರ ಮನ್ಯಾಗ ಹಾಯ್ದು ಹೋಗ್ತೈತಿ. ಪಾಕೀಟಿನೊಳಗ ಪಾಕೀಟು, ಅದರೊಳಗ ಮತ್ತೊಂದು. ನಿಮಗ ಬಂದಿದ್ದನ್ನ ನೀವು ಒಡದ್ರ ಒಳಗ ಮುಂದಿನ ಮನಿ ನಂಬರ ಅಷ್ಟ ಕಾಣತೈತಿ. ಬರದಾಕಿ ಯಾರು, ಮುಟ್ಟೂದು ಯಾರಿಗೆ, ನಿಮಗೂ ಗೊತ್ತಾಗೂದಿಲ್ಲ, ಬಾಜೂದವರಿಗೂ ಗೊತ್ತಾಗೂದಿಲ್ಲ."

ನರ್ಸುಗಳ ಮೊಬೈಲುಗಳೆಲ್ಲ ಸೇರಿ ಅಂಥದೊಂದು ಜಾಲ. ಬೇರೆ ಊರಿನಲ್ಲಿ ವಕೀಲಿ ಮಾಡುವ ಹೆಣ್ಣುಮಗಳೊಬ್ಬರು ಇದ್ದರು, ವಕೀಲ ಬಾಯಿ ಎನ್ನುತ್ತಿದ್ದರು, ಇಂಥ ಹೆಣ್ಣುಮಕ್ಕಳ ಕೆಲಸ ನೋಡುವವರು. ಅವರು ಇದ್ದದ್ದು ಇನ್ನೊಂದು ಜಾಲದಲ್ಲಿ. ಎರಡೂ ಹೆಸರು ಮುಚ್ಚುವವೇ, ಆದರೆ ಮುಚ್ಚುವ ರೀತಿ ಬೇರೆ. ಇಲ್ಲಿಯ ಪಾಕೀಟು ಅಲ್ಲಿ ನಡೆಯುವುದಿಲ್ಲ.

"ಅದಕ್ಕ ನಡುವ ನಾ ನಿಂತೇನಿ. ಒಂದ ಕಾಲು ಇದರಾಗ, ಒಂದ ಕಾಲು ಅದರಾಗ. ಹೊರಗಿನ ಪಾಕೀಟ ತಗದು ಆ ಕಡೀದು ಹಾಕ್ತೇನಿ. ಒಳಗಿಂದು ಒಡಿಯೂದಿಲ್ಲ. ಒಡೀಬೇಕಂದ್ರೂ ಕೀಲಿ ನನ್ನ ಕಡೆ ಇಲ್ಲ. ಮತ್ತ ನಾ ನಿಂತ ದಾರಿಗೂ ಒಂದ ಮುಸುಕ ಹಾಕೇನಿ. ದಾರಿ ಇಲ್ಲಿ ಐತಿ ಅಂತ ಹೊರಗಿನವರಿಗೆ ಕಾಣಬಾರದು."

"ಇಷ್ಟೆಲ್ಲಾ ತ್ರಾಸ ಯಾಕ್ರಿ?"

"ಹುಬ್ಬಳ್ಳಿಯವರಿಗೂ ಧಾರವಾಡದವರಿಗೂ ಮಾತು ಕೂಡಸೂದಕ್ಕಿಂತ ತ್ರಾಸ ಕಮ್ಮಿ ಬಿಡ್ರಿ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. "ಹೆಸರ ಗೊತ್ತಾತಂದ್ರ ಮಂದಿ ಮಾತ ಕೇಳೂದು ಬಿಟ್ಟು ಹೆಸರ ನೋಡ್ತಾರ ಕಾಕಾ. ಒಂದ ಸಲನಾದ್ರೂ ಬರೇ ಮಾತು ಮುಟ್ಟಲಿ. ಅಷ್ಟ ನಂದು."

ಅವತ್ತು ನಾನು ಅಲ್ಲಿಗೇ ಎದ್ದು ಬರಬೇಕಿತ್ತು. ಬರಲಿಲ್ಲ. ನನಗೆ ಒಂದು ಕಿರಿಕಿರಿ ಹತ್ತಿತ್ತು. ನಲವತ್ತು ವರ್ಷ ನನ್ನ ಕೆಲಸವೇ ಯಾವ ತಂತಿ ಯಾರದು ಎಂದು ಹುಡುಕುವುದು. ದಪ್ಪ ಕೇಬಲ್ಲಿನೊಳಗೆ ನೂರಾರು ಜೋಡಿ ತಂತಿ ಇರುತ್ತವೆ, ಬಣ್ಣ ಮಾಸಿರುತ್ತದೆ, ಮಣ್ಣು ಮೆತ್ತಿರುತ್ತದೆ. ಅದರೊಳಗಿಂದ ಇಂಥವರ ಜೋಡಿ ಇದೇ ಎಂದು ತೆಗೆದು ತೋರಿಸುವವನಿಗೆ ಖಾತೆಯಲ್ಲಿ ಮರ್ಯಾದೆ. ನನಗೆ ಆ ಮರ್ಯಾದೆ ಇತ್ತು. ಈಗ ಈ ಹೆಣ್ಣುಮಗಳು ಒಂದು ಡಬ್ಬಿ ಇಟ್ಟುಕೊಂಡು, ಯಾರಿಗೂ ತಿಳಿಯುವುದಿಲ್ಲ ಎನ್ನುತ್ತಿದ್ದಾರೆ.

"ಯಾವ ರೀತಿಯಿಂದನೂ ಹುಡುಕಾಕ ಆಗೂದಿಲ್ಲೇನ್ರಿ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಸುಳ್ಳು ಹೇಳಲು ಬರದವರ ಯೋಚನೆ ಅದು.

"ಒಂದ ರೀತಿಯಿಂದ ಆಗ್ತೈತ್ರಿ. ಆದ್ರ ಅದಕ್ಕ ಮನಿಯೊಳಗಿನ ಮನಿಷ್ಯಾನ ಬೇಕು."

ಆ ಮಾತನ್ನು ನನಗೆ ಹೇಳಿದರು. ನನಗೇ.

ಮುಂದಿನದನ್ನು ಬರೆಯುವ ಮೊದಲು ಎದ್ದು ನೀರು ಕುಡಿದು ಬಂದೆ.

ನನ್ನ ಕೈಕೆಳಗೆ ಕೆಲಸ ಕಲಿತವನೊಬ್ಬನಿದ್ದ. ಜೋಡಿ ಹುಡುಕುವಾಗ ನಾನು ಒಂದು ತುದಿ, ಅವನು ಇನ್ನೊಂದು ತುದಿ. ನಾನು ಇಲ್ಲಿ ಬಿಚ್ಚುವುದು, ಅವನು ಅಲ್ಲಿ ಯಾವುದು ಸತ್ತಿತು ಎಂದು ಕಿವಿಗೊಟ್ಟು ಹೇಳುವುದು. ನನಗಿಂತ ಹತ್ತು ವರ್ಷ ಸಣ್ಣವನು. ಅವಧಿಗೆ ಮೊದಲೇ ಖಾತೆ ಬಿಟ್ಟು ಆ ಆಸ್ಪತ್ರೆಯಲ್ಲಿ ಫೋನು, ಕ್ಯಾಮೆರಾ, ಕಾವಲು ಎಲ್ಲ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಅವನು ಅಲ್ಲಿ ಇದ್ದಾನೆ ಎನ್ನುವುದು ನನಗೆ ಗೊತ್ತಿತ್ತು. ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಗೊತ್ತಿರಲಿಲ್ಲ ಎನ್ನಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಗೊತ್ತಿತ್ತು.

ಒಂದು ಗುರುವಾರ ಹನ್ನೊಂದರ ಸುಮಾರಿಗೆ ಬಂದ. ಹೆಂಡತಿ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು. ನಾನೇ ಚಹಾ ಮಾಡಿದೆ. ಹಳೆಯ ಮಾತುಗಳು ಬಂದವು. ರಾಯಾಪುರದ ಹತ್ತಿರ ರಸ್ತೆ ಅಗೆದವರು ಕೇಬಲ್ ಹರಿದದ್ದು, ನಾವಿಬ್ಬರೂ ಮೊಣಕಾಲು ನೀರಿನಲ್ಲಿ ನಿಂತು ಸಂಜೆಯೊಳಗೆ ಎಲ್ಲ ಜೋಡಿ ಕೂಡಿಸಿದ್ದು. ಹೊಗಳಿದ. ಹೊಗಳುವುದರಲ್ಲಿ ಅವನು ಮೊದಲಿನಿಂದಲೂ ಚುರುಕು.

"ಅಣ್ಣಾರ, ನಮ್ಮ ಕಡೆ ಕಂಪ್ಯೂಟರ್ ಕಲತ ಹುಡುಗ್ರ ಅದಾರ. ದೊಡ್ಡ ದೊಡ್ಡ ಡಿಗ್ರಿ. ನಮ್ಮ ನರ್ಸ್‌ಗಳು ಅದೆಂಥದೋ ಜಾಲದಾಗ ಬರೀತಾರಲ್ರಿ, ಅದು ಯಾರ ಮನಿಯಿಂದ ಹೊರಗಿನ ಊರಿಗೆ ದಾಟತೈತಿ ಅಂತ ಎರಡ ತಿಂಗಳಿಂದ ಹುಡುಕಾಕತ್ತಾರ. ಸಿಗವಲ್ದು. ಯಾರಿಂದನೂ ಆಗೂದಿಲ್ಲಂತ ಬರದ ಕೊಟ್ರು."

ನಾನು ನಕ್ಕೆ. "ಡಿಗ್ರಿಲೆ ಜೋಡಿ ಸಿಗತೈತೇನೋ?"

"ಮತ್ತ ನೀವಾದ್ರ ಹೆಂಗ ಹುಡುಕ್ತಿದ್ರಿ?"

"ನಾವು ಹೆಂಗ ಹುಡುಕ್ತಿದ್ವಿ? ಬಿಚ್ಚಿ ನೋಡ್ತಿದ್ವಿ."

ಅವನು ಮೊಬೈಲು ತೆಗೆದು ಚಹಾದ ಕಪ್ಪಿನ ಬಾಜೂ ಇಟ್ಟ. ಒಂದು ಪುಟ, ಮೂಲೆಯಲ್ಲಿ ಹಸಿರು ಚುಕ್ಕೆ. ನಾವೂ ನರ್ಸ್ ಎಂದು ಸುಳ್ಳು ಹೇಳಿ ಆ ಜಾಲದೊಳಗೆ ಹೊಕ್ಕು ಕೂತಿದ್ದೇವೆ ಎಂದ. ಯಾರು ಬರೆದದ್ದು ಎಂದು ಒಳಗಿದ್ದರೂ ತಿಳಿಯುವುದಿಲ್ಲ, ಆದರೆ ಹೊರಗಿನ ಊರಿನ ದಾರಿ ತೆರೆದಿರುವ ತನಕ ಈ ಚುಕ್ಕೆ ಹಸಿರು ಇರುತ್ತದೆ ಎಂದ. ಆಮೇಲೆ ಮೇಲಿನ ಖೋಲಿಯ ಕಡೆ ಕಣ್ಣು ಮಾಡಿದ.

"ನನಗ ಒಂದ ಅನುಮಾನ ಐತ್ರಿ. ಅನುಮಾನ ಅಷ್ಟ. ನಿಮ್ಮಂಥಾವ್ರು ಇದ್ರ ಒಂದ ತಾಸಿನ ಕೆಲಸ."

ಮೇಲಿನ ಖೋಲಿಗೆ ಹೋಗುವ ಇಂಟರ್ನೆಟ್ಟಿನ ತಂತಿಯನ್ನು ಎಳೆದವನು ನಾನೇ. ಅದರ ಪೆಟ್ಟಿಗೆ ಮೆಟ್ಟಿಲ ಕೆಳಗಿದೆ. ಎದ್ದು ಹೋದೆ. ಪೆಟ್ಟಿಗೆ ತೆಗೆದು ತಂತಿ ಬಿಚ್ಚಿದೆ.

"ಸತ್ತಿತ್ರೀ ಅಣ್ಣಾರ!" ಎಂದ ಒಳಗಿಂದ. ಥೇಟ್ ಹಿಂದಿನ ದನಿ.

ಮೈಯೆಲ್ಲ ಜುಂ ಎಂದಿತು. ಸಂತೋಷವಾಯಿತು. ಇದನ್ನೂ ಬರೆಯುತ್ತೇನೆ: ನಿವೃತ್ತನಾದ ಮೇಲೆ ಅಷ್ಟು ಸಂತೋಷ ಬೇರೆ ಯಾವತ್ತೂ ಆಗಿರಲಿಲ್ಲ.

ಹತ್ತು ನಿಮಿಷ ಬಿಟ್ಟು ಕೂಡಿಸಿದೆ. ಚುಕ್ಕೆ ಹಸಿರಾಯಿತು. ನಮ್ಮಲ್ಲಿ ಪದ್ಧತಿ ಮೂರು ಸಲ. ಒಂದು ಸಲ ಸತ್ತರೆ ಏನೋ ಆಗಿರಬಹುದು, ಎರಡು ಸಲ ಸತ್ತರೆ ಸಂಶಯ, ಮೂರನೆಯ ಸಲವೂ ಸತ್ತರೆ ಅದೇ ಜೋಡಿ. ನನಗೆ ಕಲಿಸಿದವರು ಹಾಗೆ ಕಲಿಸಿದ್ದರು, ಅವನಿಗೆ ನಾನು ಹಾಗೆ ಕಲಿಸಿದ್ದೆ. ಎರಡನೆಯ ಸಲ ಬಿಚ್ಚಿದೆ. ಮೇಲೆ ಕುರ್ಚಿ ಸರಿದ ಸಪ್ಪಳ, ಅಕ್ಕೋರು ಓಡಾಡುವ ಸಪ್ಪಳ. ಮೂರನೆಯ ಸಲ ಬಿಚ್ಚಿದೆ. ಸಪ್ಪಳ ನಿಂತಿತು. ಅವರು ನಿಂತುಕೊಂಡಿದ್ದರು.

ಅವನು ಚಹಾದ ಕೊನೆಯ ಗುಟುಕು ಕುಡಿದು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ಒಂದು ಗಂಟೆಗೆ ಅಕ್ಕೋರು ಕೆಳಗೆ ಬಂದರು. ಸೌಟು ಬಡಿಯಲಿಲ್ಲ.

"ಕಾಕಾ, ಮುಂಜಾನೆ ಕರೆಂಟ್ ಹೋಗಿತ್ತೇನ್ರಿ?"

"ಹೌದ್ರಿ ಅಕ್ಕೋರ. ಹೋಗೂದು ಬರೂದು ಮಾಡ್ತು. ಮೂರ ಸಲ."

"ಹಂಗೇನು" ಎಂದರು. ನನ್ನ ಮುಖ ನೋಡಿದರು. ಪಡಸಾಲೆಯಲ್ಲಿ ಎರಡು ಚಹಾದ ಕಪ್ಪು ಬಿದ್ದಿದ್ದವು, ನಾನೂ ಅವನೂ ಕುಡಿದದ್ದು. ಅವನ್ನು ನೋಡಿದರು. ಎತ್ತಿಕೊಂಡು ನಳದ ಕೆಳಗೆ ತೊಳೆದು ಬೋರಲು ಹಾಕಿ ಮೇಲೆ ಹೋದರು.

ಅವರು ಅರ್ಧ ಮೆಟ್ಟಿಲು ಏರಿದಾಗ ನನಗೆ ಹೊಳೆಯಿತು. ನಾನು ಬಿಚ್ಚಿದ್ದು ಇಂಟರ್ನೆಟ್ಟಿನ ತಂತಿ. ಮೂರೂ ಸಲ ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಆ ಮಧ್ಯಾಹ್ನವೇ ಡಬ್ಬಿಯ ಗುಂಯ್ ನಿಂತಿತು. "ಮ್ಯಾಲ ಸಪ್ಪಳ ಇಲ್ಲಲ್ಲ" ಎಂದು ಹೆಂಡತಿ ಎರಡು ಸಲ ಹೇಳಿದಳು. ಆ ರವಿವಾರ ನರ್ಸುಗಳು ಬರಲಿಲ್ಲ. ಬರಬೇಡಿ ಎಂದು ಅಕ್ಕೋರೇ ಹೇಳಿದ್ದರಂತೆ. ಮರುವಾರ ಆಸ್ಪತ್ರೆಯಿಂದ ಇಬ್ಬರು ನೋಟೀಸು ಹಿಡಿದು ಬಂದರು. ಹೊರಗಿನ ಊರಿಗೆ ದೂರು ಬರೆದವರ ಹೆಸರು ಬೇಕು ಎಂದರು.

"ನನಗ ಗೊತ್ತಿಲ್ಲ."

"ನಿಮ್ಮ ಡಬ್ಬಿಯೊಳಗಿಂದ ಹೋಗೈತಿ, ನಿಮಗ ಗೊತ್ತಿಲ್ಲಂದ್ರ ಯಾರ ನಂಬತಾರ್ರಿ?"

"ಟಪಾಲಿನಾಂವಗ ನಿಮ್ಮನಿ ಪತ್ರದಾಗ ಏನೈತಿ ಅಂತ ಗೊತ್ತಿರ್ತೈತೇನ್ರಿ? ಕೇಳಿ ನೋಡ್ರಿ ಬೇಕಾರ. ಅವಗ ಮ್ಯಾಲಿನ ವಿಳಾಸನಾದ್ರೂ ಕಾಣತೈತಿ. ನನಗ ಅದೂ ಇಲ್ಲ."

ಅವರು ಖೋಲಿಯೊಳಗೆ ನೋಡಿದರು, ಡಬ್ಬಿ ಬಿಚ್ಚಿ ನೋಡಿದರು. ಏನೂ ಇರಲಿಲ್ಲ. ಬೈದು ಹೋದರು. ಅವರ ಬೈಗುಳದೊಳಗೆ ಅಡ್ಡಹೆಸರೂ ಬಂತು.

ನನ್ನ ಹೆಂಡತಿ ಅವತ್ತು ಊಟಕ್ಕೆ ಬಡಿಸುತ್ತ, "ಇದನ್ನ ಅವರಿಗೆ ಹೇಳಿದಾಂವನ ನಾಲಿಗಿ ಸೇದಿ ಹೋಗ್ಲಿ" ಎಂದಳು. ಎಂದು, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ತಿಂದೆ.

ತಿಂಗಳ ಕೊನೆಗೆ ಅಕ್ಕೋರು ಖೋಲಿ ಬಿಟ್ಟರು. ನಾವು ಹೋಗೆನ್ನಲಿಲ್ಲ. ಹೆಂಡತಿ ಕೈ ಹಿಡಿದು ಅತ್ತಳು. "ಮನಿ 'ಇಲ್ಲಿ' ಅಂತ ಗೊತ್ತಾದ ಮ್ಯಾಲ ಇಲ್ಲಿಗೆ ಬಂದು ಹೋಗೋರೆಲ್ಲಾ ಗೊತ್ತಾಗ್ತಾರ ಅಕ್ಕಾ" ಎಂದಷ್ಟೇ ಹೇಳಿ ಅಮ್ಮಿನಬಾವಿಗೆ ಹೋದರು. ಯಾರು ಮಾಡಿದರು ಎಂದು ಅವಳಿಗೂ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ.

ಎರಡು ವರ್ಷ ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೆ ಕುಂತಲ್ಲಿ ಕುಂದರದೆ ಇದ್ದೆ. ಮೆಟ್ಟಿಲ ಕೆಳಗಿನ ಪೆಟ್ಟಿಗೆ ಕಾಣದಂತೆ ಅದರ ಮುಂದೆ ಹಳೆಯ ಚೀಲ ಪೇರಿಸಿದೆ. ಕೊನೆಗೆ ಒಂದು ಮುಂಜಾನೆ ಹೆಂಡತಿಗೆ ಪೆನ್ಶನ್ನಿನ ಕೆಲಸ ಎಂದು ಹೇಳಿ ಅಮ್ಮಿನಬಾವಿಯ ಬಸ್ಸು ಹತ್ತಿದೆ.

ಅಕ್ಕೋರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸೊರಗಿದ್ದರು. ಆಗಲೇ ಬೇನೆ ಹಿಡಿದಿತ್ತೆಂದು ಆಮೇಲೆ ತಿಳಿಯಿತು. ನನಗೂ ಒಂದು ಹಿಡಿ ಶೇಂಗಾ ಸರಿಸಿದರು. ನಾನೂ ಸುಲಿಯುತ್ತ ಕುಳಿತೆ. ಮಳೆ, ಬಿತ್ತನೆ, ನನ್ನ ಹೆಂಡತಿಯ ಮೊಣಕಾಲು ನೋವು, ಎಲ್ಲ ಮಾತಾಡಿದೆ.

"ಅಕ್ಕೋರ, ಅವತ್ತ..."

"ಫ್ಯಾನ್ ತಿರಗತಿತ್ತ್ರಿ ಕಾಕಾ."

ನಾನು ಇನ್ನೊಂದು ಶೇಂಗಾ ಸುಲಿದೆ.

"ನನಗ ಹೇಳಬ್ಯಾಡ್ರಿ. ನಾ ಏನ ಕಳಕೊಂಡೆ? ಒಂದ ಖೋಲಿ. ಕಳಕೊಂಡಾಕಿ ಬ್ಯಾರೆ ಅದಾಳ."

"ಯಾರ್ರಿ?"

"ಗೊತ್ತಿಲ್ಲ."

ಅವರು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ನನ್ನ ಮುಖದಲ್ಲಿ ಅದು ಕಂಡಿರಬೇಕು. ಶೇಂಗಾ ಕೆಳಗಿಟ್ಟು ನಿಧಾನ ಹೇಳಿದರು. "ಖರೇನ ಗೊತ್ತಿಲ್ರಿ. ಬಂದ್ ಮಾಡೂ ಮುಂದ ಆ ಕಡಿಯಿಂದ ಬಂದ ಪಾಕೀಟು ಒಂದ ಉಳದಿತ್ತು. ಅದನ್ನ ದಾಟಿಸಿದ್ರ, ಇಲ್ಲಿಂದ ಹೊಂಟಿದ್ದು ಯಾವ ಮೊಬೈಲಿಗೆ ಮುಟ್ಟತೈತಿ ಅಂತ ಆಸ್ಪತ್ರಿಯವರು ಹೊತ್ತ ನೋಡಿ ತಾಳೆ ಹಾಕ್ತಿದ್ರು. ಆಕಿ ಸಿಕ್ಕ ಬೀಳ್ತಿದ್ಲು. ಅಳಸಿಬಿಟ್ಟೆ. ಯಾರಿಗೆ ಬಂದಿದ್ದೋ, ಏನ ಬಂದಿತ್ತೋ. ಹೇಳೂದಿದ್ರ ಆಕಿಗೆ ಹೇಳ್ರಿ, ಸಿಕ್ರ."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಹಗುರಾಯಿತು. ಎಂಥ ಮನುಷ್ಯ ನಾನು ನೋಡಿ. ಅಕ್ಕೋರು ಬೈಯಲಿಲ್ಲ, ಇನ್ನೊಬ್ಬಳು ಯಾರೋ ಗೊತ್ತಿಲ್ಲ, ಗೊತ್ತಿಲ್ಲದವರಿಗೆ ಹೇಳುವುದು ಹೇಗೆ? ಮುಗಿಯಿತು ಎಂದುಕೊಂಡೆ.

ಅಕ್ಕೋರು ತೀರಿದ ಮೇಲೆ ಒಬ್ಬ ನರ್ಸು ಮನೆಗೆ ಬಂದಳು, ಪುಸ್ತಕಕ್ಕೆ ಬರೆದುಕೊಡಿ ಎಂದು ಕೇಳಲು. ಮೂವತ್ತರ ವಯಸ್ಸು. ಮೊದಲು ರವಿವಾರ ಬರುತ್ತಿದ್ದವರಲ್ಲಿ ಒಬ್ಬಳು. ಅವಲಕ್ಕಿಯಲ್ಲಿ ಶೇಂಗಾ ಆರಿಸಿ ಕೊನೆಗೆ ತಿನ್ನುತ್ತಿದ್ದಳು ಎಂದು ಹೆಂಡತಿ ಗುರುತು ಹಿಡಿದಳು. ಈಗ ಒಂದು ಸಣ್ಣ ದವಾಖಾನೆಯಲ್ಲಿ ಇದ್ದಾಳೆ. ಸರಕಾರಿ ಕೆಲಸಕ್ಕೆ ಹಾಕಲಿಲ್ಲವೇ ಎಂದು ಹೆಂಡತಿ ಕೇಳಿದ್ದಕ್ಕೆ ಆಕೆ ನಕ್ಕಳು.

"ಆರಿಸಿ ಬಂದಿದ್ದೆರೀ ಅಮ್ಮಾರ. ಸೋಮವಾರ ಮೂಲ ಸರ್ಟಿಫಿಕೇಟ ತೋರಸಬೇಕಿತ್ತು. ಆಸ್ಪತ್ರಿಯವರು ಕೊಡಲಿಲ್ಲ. ವಕೀಲ ಬಾಯಾರು 'ಒಂದ ಅರ್ಜಿ ಬರದ ಕಳಸ್ತೇನಿ, ಅದನ್ನ ತೋರಿಸಿ ಇನ್ನ ನಾಕ ದಿನದ ಮುದ್ದತ್ತು ಕೇಳು, ನಡೀತೈತಿ' ಅಂದಿದ್ರು. ಗುರುವಾರ ಕಳಸ್ತೇನಿ ಅಂದಿದ್ರು. ನಾ ಮೊಬೈಲ್ ನೋಡೂದು ನೋಡೂದು. ಬರಲೇ ಇಲ್ಲ. ಮುಂದ ವಯಸ್ಸೂ ಮೀರಿತು."

ಯಾವ ಗುರುವಾರ ಎಂದು ನಾನು ಕೇಳಬೇಕಾಗಿರಲಿಲ್ಲ.

"ಅಕ್ಕೋರ ಹೆದರಿ ಬಂದ್ ಮಾಡಿದ್ರಂತ ಭಾಳ ಸಿಟ್ಟ ಬಂದಿತ್ತ್ರಿ ನನಗ" ಎಂದಳು. "ನೋಟೀಸ್ ಬರ್ತೈತಂತ ಮೊದಲ ಗೊತ್ತಾಗಿ ಹೆದರಿದ್ರಂತ ಎಲ್ಲಾರೂ ಅಂದ್ಕೊಂಡ್ವಿ. ಆಮ್ಯಾಲ ಅಕ್ಕೋರ ಎರಡ ಸಲ ಫೋನ್ ಮಾಡಿದ್ರು, ನಾ ಎತ್ತಲಿಲ್ಲ. ಈಗ ಸಿಟ್ಟ ಇಲ್ಲ ಬಿಡ್ರಿ. ಹೆಣ್ಣಮಗಳು ಒಬ್ಬಾಕಿ, ಹೆದರಿರಬೇಕು. ನೀವು ಬರದ ಕೊಡ್ರಿ ಅಜ್ಜಾರ, ಬರೋ ವಾರ ಬಂದು ಒಯ್ತೇನಿ."

ಆ ವಾರ ಬರೆದ ಎರಡನ್ನೂ ಹರಿದದ್ದು ಆಗಲೇ ಹೇಳಿದ್ದೇನೆ.

ಮೊನ್ನೆ ಆಕೆ ಬಂದಳು. ಹೆಂಡತಿ ಚಹಾ ಇಡಲು ಒಳಗೆ ಹೋದಳು.

"ಬರದೀರೇನ್ರಿ ಅಜ್ಜಾರ?"

"ಇಲ್ಲ ಯವ್ವಾ. ಕುಂದರು. ಮೊದಲ ಒಂದ ಹೇಳೂದೈತಿ."

ಹೇಳಿದೆ. ಮೇಲೆ ಬರೆದದ್ದನ್ನೆಲ್ಲ ಹೇಳಿದೆ, ಇಷ್ಟು ಸರಳವಾಗಿ ಅಲ್ಲ. ನಡುವೆ ತೊದಲಿದೆ, ತಪ್ಪನ್ನು ನನ್ನ ಆ ಶಿಷ್ಯನ ಮೇಲೆ ಹಾಕಲು ನೋಡಿದೆ, ಮತ್ತೆ ವಾಪಸು ತೆಗೆದುಕೊಂಡೆ. ಚಹಾದ ಕಪ್ಪು ಹಿಡಿದುಕೊಂಡು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಂದ ಕೇಳಿದಳೋ ಗೊತ್ತಿಲ್ಲ. ಕೊನೆಯ ತನಕ ಕೇಳಿದಳು.

ಹುಡುಗಿ ಅಳಲಿಲ್ಲ, ಬೈಯಲಿಲ್ಲ. "ಎಷ್ಟ ಹೊತ್ತ ಬಿಚ್ಚಿದ್ರಿ?" ಎಂದಳು.

"ಮೂರ ಸಲ. ಹತ್ತ ಹತ್ತ ನಿಮಿಷ."

"ಅಕ್ಕೋರಿಗೆ ಗೊತ್ತಿತ್ತು?"

"ಅವತ್ತ ಗೊತ್ತಾತು."

"ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ. ನಾ ಫೋನ್ ಎತ್ತಲಿಲ್ಲ ಅಂದ್ರೂ ಹೇಳಲಿಲ್ಲ." ಆಕೆ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. "ಹಂಗಾದ್ರ ಆ ಪಾಕೀಟು ನಂದು."

"ನಿಂದ ಇರಬೇಕ ಯವ್ವಾ."

ಆಕೆ ಎದ್ದಳು. ನಾನೂ ಎದ್ದೆ. ಕೈ ಮುಗಿಯಲು ಹೋದೆ. "ಬ್ಯಾಡ್ರಿ" ಎಂದಳು, ಗಟ್ಟಿಯಾಗಿ. ಬಾಗಿಲ ತನಕ ಹೋಗಿ ನಿಂತು, ತಿರುಗದೆ ಹೇಳಿದಳು.

"ಬರದ ಕೊಡ್ರಿ ಇದನ್ನ. ಬಾಯಿಲೆ ಹೇಳಿದ್ರ ನನ್ನೊಬ್ಬಾಕಿಗೆ ಮುಟ್ಟತೈತಿ. ಅಕ್ಕೋರ ಹೆದರಿದ್ರಂತ ತಿಳಕೊಂಡೋರು ಇನ್ನೂ ಅದಾರ. ಯಾರ ಯಾರಂತ ನನಗೂ ಪೂರಾ ಗೊತ್ತಿಲ್ಲ. ಪುಸ್ತಕ ಅವರ ಕೈಗೆ ಹೋಗತೈತಿ."

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಅವತ್ತಿನಿಂದ ನನ್ನ ಹೆಂಡತಿ ತಾಟು ಇಟ್ಟು ಹೋಗುತ್ತಾಳೆ, ಮಾತಿಲ್ಲ. ಅಕ್ಕೋರ ಬಗ್ಗೆ ಒಳ್ಳೆಯ ಮಾತುಗಳನ್ನು ಬೇರೆಯವರು ಬರೆದಿರುತ್ತಾರೆ, ನನಗಿಂತ ಚೆನ್ನಾಗಿ. ನಾನು ಬರೆಯಬೇಕಾದದ್ದು ಎರಡೇ ಮಾತು, ಅಷ್ಟಕ್ಕೆ ಇಷ್ಟು ಸುತ್ತಿದೆ.

ರವಿವಾರ ನಮ್ಮ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟವರು ನೀವು ಎಲ್ಲಿದ್ದೀರೋ, ಇದನ್ನು ಓದುವ ನೀವು ಯಾರೋ ನನಗೆ ತಿಳಿಯದು, ತಿಳಿಯಲು ಇನ್ನು ಹೋಗುವುದೂ ಇಲ್ಲ. ಅಕ್ಕೋರು ಹೆದರಿ ದಾರಿ ಮುಚ್ಚಲಿಲ್ಲ. ನೀವು ಸಿಕ್ಕಿಬೀಳಬಾರದೆಂದು ಮುಚ್ಚಿದರು. ಮೆಟ್ಟಿಲ ಕೆಳಗೆ ತಂತಿ ಬಿಚ್ಚಿದವನು ನಾನು.